ಆಯಿತು ಎಂದರೆ ಏನಾಯಿತು?

ಹನ್ನೊಂದು ವರ್ಷದ ಹಿಂದಿನ ಮಾತು. ತುಮಕೂರಿನಿಂದ ಶಿರಾ ಕಡೆಗೆ ಹೋಗುವ ಹೆದ್ದಾರಿಯ ಬದಿಗಿರುವ ವಸಂತನರಸಾಪುರ ಕೈಗಾರಿಕಾ ಪ್ರದೇಶದಲ್ಲಿ, ತೆಂಗಿನಕಾಯಿಯಿಂದ ಒಣ ತುರಿ ತಯಾರಿಸುವ ಒಂದು ಕಾರ್ಖಾನೆಗೆ ನಾನು ಪಾಳಿ ಮೇಲ್ವಿಚಾರಕಿಯಾಗಿ ಸೇರಿ ಇನ್ನೂ ವರ್ಷ ತುಂಬಿರಲಿಲ್ಲ. ಬೆಳಗಿನ ಪಾಳಿ ಮುಗಿಯಲು ಅರ್ಧ ಗಂಟೆ ಇತ್ತು. ಒಣಗಿದ ತುರಿಯನ್ನು ಸಣ್ಣ, ಮಧ್ಯಮ, ದಪ್ಪ ಎಂದು ಬೇರೆ ಮಾಡುವ ಜರಡಿಯ ತಂತಿಬಲೆ ಒಂದು ಮೂಲೆಯಲ್ಲಿ ಹರಿದಿರುವುದು ಕಣ್ಣಿಗೆ ಬಿತ್ತು. ಜರಡಿ ನೋಡಿಕೊಳ್ಳುತ್ತಿದ್ದ ಹಿರಿಯ ಕೆಲಸಗಾರರನ್ನು ಕರೆದು, "ಬಲೆ ಹರಿದಿದೆ, ಬದಲಾಯಿಸಬೇಕು" ಎಂದೆ. ಅವರು ತಲೆಯಾಡಿಸಿ "ಆಯಿತು ಮೇಡಂ" ಎಂದರು. ನಾನು ಚಿಪ್ಪು ಒಡೆಯುವ ವಿಭಾಗಕ್ಕೆ ಹೋದೆ. ಹೊರಡುವ ಮುನ್ನ ಬಾಗಿಲಲ್ಲಿ ನಿಂತು "ಜರಡಿ?" ಎಂದು ಕೂಗಿದೆ. "ಆಯಿತು" ಎಂಬ ಉತ್ತರ ಬಂತು. ಪಾಳಿ ಪುಸ್ತಕದಲ್ಲಿ "ಜರಡಿ ಬಲೆ ಬದಲಾಯಿಸಲಾಗಿದೆ" ಎಂದು ಬರೆದು, ಸಹಿ ಹಾಕಿ, ಬಸ್ ಹತ್ತಿದೆ.

ಸಂಜೆ ಏಳಕ್ಕೆ ಫೋನ್ ಬಂತು. ಹರಿದ ಬಲೆಯಲ್ಲೇ ಯಂತ್ರ ಓಡಿ, ಸಣ್ಣ ತುರಿ ಎಂದು ಚೀಟಿ ಅಂಟಿಸಿದ 48 ಚೀಲಗಳಲ್ಲಿ ದಪ್ಪ ತುರಿ ಬೆರೆತಿತ್ತು. ತಲಾ 25 ಕಿಲೋ. ಬೆರೆತದ್ದಕ್ಕಿಂತ ದೊಡ್ಡ ಭಯ ಬೇರೆ ಇತ್ತು: ಬಲೆಯ ತಂತಿಯ ಚೂರೇನಾದರೂ ಒಳಗೆ ಸೇರಿದ್ದರೆ? ಯಾವುದೋ ಊರಿನ ಮಗು ತಿನ್ನುವ ಬಿಸ್ಕತ್ತಿಗೆ ಹೋಗುವ ತುರಿ ಅದು. ಎಲ್ಲ ಚೀಲಗಳನ್ನೂ ಬಿಚ್ಚಿ, ಲೋಹಶೋಧಕದ ಕೆಳಗೆ ಮತ್ತೆ ಹಾಯಿಸಿ, ಮತ್ತೆ ಜರಡಿ ಹಿಡಿಯಲು ಎರಡು ದಿನ ಬೇಕಾಯಿತು. ವಿಚಾರಣೆಯಲ್ಲಿ ನನ್ನ ಕೈಬರಹವೇ ಸಾಕ್ಷಿ. "ಮಾಡದ ಕೆಲಸವನ್ನು ಮಾಡಿದೆ ಎಂದು ಹೇಳಿದ್ದಾರೆ" ಎಂದು ಆ ಹಿರಿಯರ ಮೂರು ದಿನದ ಕೂಲಿ ಕಡಿದರು. ನಾನು ಅಲ್ಲೇ ನಿಂತಿದ್ದೆ. ಬಾಯಿ ಬಿಡಲಿಲ್ಲ.

ನಾಲ್ಕನೆಯ ದಿನ ಅವರು ಕೆಲಸಕ್ಕೆ ಮರಳಿದಾಗ, ಕೈ ತೊಳೆಯುವ ನಲ್ಲಿಯ ಹತ್ತಿರ ಹೋಗಿ, ಹೀಗೇಕೆ ಮಾಡಿದಿರಿ ಎಂದು ಕೇಳಿದೆ. ಅವರ ದನಿಯಲ್ಲಿ ಕೋಪವಿರಲಿಲ್ಲ. "ಉಗ್ರಾಣದವರು ಊಟಕ್ಕೆ ಹೋಗಿದ್ದರು ಮೇಡಂ. ಬಂದ ಮೇಲೆ ಹೊಸ ಬಲೆ ತರೋಣ ಎಂದುಕೊಂಡೆ. ಅಷ್ಟರಲ್ಲಿ ಪಾಳಿ ಬದಲಾಯಿತು. ನೀವು ಜರಡಿ ಎಂದು ಕೇಳಿದಿರಿ, ಮಾಡಿಸುತ್ತೇನೆ ಎಂಬ ಅರ್ಥದಲ್ಲಿ ಆಯಿತು ಎಂದೆ. ಮಾಡಿದಿರಾ ಎಂದು ಕೇಳಿದ್ದರೆ ಇಲ್ಲ ಎನ್ನುತ್ತಿದ್ದೆ."

ಆ ಕೊನೆಯ ವಾಕ್ಯ ಇಂದಿಗೂ ನನ್ನ ಜೊತೆಗಿದೆ. ಮಧ್ಯಾಹ್ನವೇ ವ್ಯವಸ್ಥಾಪಕರ ಬಳಿ ಹೋಗಿ, ನೋಡದೆ ಬರೆದ ತಪ್ಪು ನನ್ನದು ಎಂದೆ. ಕಡಿದ ಕೂಲಿ ಮಾತ್ರ ವಾಪಸು ಬರಲಿಲ್ಲ.

ಅಂದಿನಿಂದ ಈ ಪದವನ್ನು ಗಮನಿಸುತ್ತಾ ಬಂದಿದ್ದೇನೆ. ನಮ್ಮ "ಆಯಿತು" ಎಷ್ಟು ಹೊರೆ ಹೊರುತ್ತದೆ ನೋಡಿ. ನೀವು ಹೇಳಿದ್ದು ಕೇಳಿಸಿತು ಎಂದರೂ ಆಯಿತು. ಒಪ್ಪಿದೆ, ಮಾಡುತ್ತೇನೆ ಎಂದರೂ ಆಯಿತು. ಮಾಡಿ ಮುಗಿಸಿದೆ ಎಂದರೂ ಆಯಿತು. ಇನ್ನು ಈ ಮಾತು ಸಾಕು, ಹೊರಡಿ ಎನ್ನುವುದಕ್ಕೂ "ಆಯಿತು ಬಿಡಿ". ಮನೆಯಲ್ಲಿ ಇವುಗಳ ನಡುವಿನ ವ್ಯತ್ಯಾಸ ದನಿಯಿಂದ, ಮುಖದಿಂದ, ಆ ಮನುಷ್ಯನೊಡನೆ ಇಪ್ಪತ್ತು ವರ್ಷ ಬದುಕಿದ ಬಳಕೆಯಿಂದ ತಿಳಿದುಬಿಡುತ್ತದೆ. ಡ್ರೈಯರ್‌ನ ಗಾಳಿಯಂತ್ರಗಳು ಮೊರೆಯುವ ಜಾಗದಲ್ಲಿ, ಮುಖಕ್ಕೆ ಬಟ್ಟೆ ಕಟ್ಟಿಕೊಂಡ ಮನುಷ್ಯ ಮೂವತ್ತು ಅಡಿ ದೂರದಿಂದ ಹೇಳಿದಾಗ ತಿಳಿಯುವುದಿಲ್ಲ.

ಇನ್ನೂ ಒಂದು ಇದೆ. ಮುಂದೆ ಆಗಬೇಕಾದದ್ದನ್ನು ಆಗಿಹೋಯಿತು ಎಂದು ಹೇಳುವುದು ಕನ್ನಡದ ರೂಢಿ. ಕರೆದರೆ "ಬಂದೆ, ಬಂದೆ" ಎನ್ನುತ್ತೇವೆ, ಇನ್ನೂ ಕುರ್ಚಿಯಿಂದ ಎದ್ದಿರುವುದಿಲ್ಲ. ಕ್ಯಾತ್ಸಂದ್ರದ ಹೋಟೆಲಿನಲ್ಲಿ ತಟ್ಟೆ ಇಡ್ಲಿ ಹೇಳಿ ನೋಡಿ. "ಬಂತು" ಎಂದು ಉತ್ತರ ಬರುವಾಗ ಇಡ್ಲಿ ಹಬೆಯಲ್ಲೇ ಇರುತ್ತದೆ. ಇದರಲ್ಲಿ ಮೋಸವಿಲ್ಲ. ನಿಮ್ಮ ಕೆಲಸ ನನ್ನ ಮನಸ್ಸಿನಲ್ಲಿ ಆಗಲೇ ನಡೆದುಹೋಗಿದೆ, ಚಿಂತೆ ಬಿಡಿ ಎಂದು ಭರವಸೆ ಕೊಡುವ ಸೌಜನ್ಯ ಅದು. ನನಗೆ ಈ ರೂಢಿಯ ಮೇಲೆ ಪ್ರೀತಿ ಇದೆ. ಆದರೆ "ವರದಿ ಕಳಿಸಿದೆ ಸಾರ್" ಎಂಬ ಮಾತನ್ನು ನಂಬಿ ಮೇಲಿನವರು ಗ್ರಾಹಕರಿಗೆ ಫೋನ್ ಮಾಡಿಬಿಟ್ಟರೆ, ಸೌಜನ್ಯದ ಲೆಕ್ಕ ಬೇರೆ ಯಾರೋ ತೀರಿಸಬೇಕಾಗುತ್ತದೆ.

ನನ್ನ ತಂದೆ ರೈಲ್ವೆಯಲ್ಲಿ ಸ್ಟೇಷನ್ ಮಾಸ್ಟರ್ ಆಗಿದ್ದವರು. ತುಮಕೂರು ಮತ್ತು ಅರಸೀಕೆರೆಯ ನಡುವಿನ ಸಣ್ಣ ನಿಲ್ದಾಣಗಳಲ್ಲಿ ನನ್ನ ಬಾಲ್ಯ ಕಳೆಯಿತು. ಜರಡಿಯ ಕಥೆಯನ್ನು ಅವರಿಗೆ ಹೇಳಿದಾಗ ಸಮಾಧಾನ ಹೇಳುತ್ತಾರೆ ಎಂದುಕೊಂಡಿದ್ದೆ. ಅವರು ಕೇಳಿದ್ದು ಒಂದೇ: "ನಂಬರ್ ತೆಗೆದುಕೊಂಡೆಯಾ?"

ರೈಲ್ವೆಯಲ್ಲಿ ಪ್ರೈವೇಟ್ ನಂಬರ್ ಎಂಬ ಪದ್ಧತಿ ಇದೆ. ರೈಲು ಬರುವ ಮುನ್ನ ಲೆವೆಲ್ ಕ್ರಾಸಿಂಗಿನ ಗೇಟ್ ಮುಚ್ಚುವಂತೆ ಸ್ಟೇಷನ್ ಮಾಸ್ಟರ್ ಫೋನಿನಲ್ಲಿ ಹೇಳುತ್ತಾರೆ. ಗೇಟಿನವನು "ಸರಿ" ಎಂದರೆ ಸಾಲದು. ಗೇಟ್ ಮುಚ್ಚಿ, ಬೀಗ ಹಾಕಿ ಬಂದು, ತನ್ನ ಬಳಿ ಇರುವ ಹಾಳೆಯಿಂದ ಮುಂದಿನ ಸಂಖ್ಯೆಯನ್ನು ಹೇಳಬೇಕು. ಈ ಕಡೆಯವರು ಅದನ್ನು ತಿರುಗಿ ಹೇಳಿ ಪುಸ್ತಕದಲ್ಲಿ ಬರೆದುಕೊಳ್ಳಬೇಕು. ಒಮ್ಮೆ ಕೊಟ್ಟ ಸಂಖ್ಯೆಯನ್ನು ಹಾಳೆಯಲ್ಲಿ ಹೊಡೆದುಹಾಕುತ್ತಾರೆ. ಎರಡು ನಿಲ್ದಾಣಗಳ ನಡುವೆ ಮಾತಿನಲ್ಲಿ ಲೈನ್ ಕ್ಲಿಯರ್, ಅಂದರೆ ರೈಲು ಕಳಿಸಬಹುದು ಎಂಬ ಒಪ್ಪಿಗೆ, ಕೊಡುವಾಗಲೂ ಇದೇ ಕ್ರಮ. ಮಧ್ಯರಾತ್ರಿ ಅಪ್ಪ "ನಾಲ್ಕು ಏಳು... ಹೌದು, ನಾಲ್ಕು ಏಳು" ಎಂದು ಫೋನಿನಲ್ಲಿ ಹೇಳುವುದನ್ನು ನಿದ್ದೆಗಣ್ಣಿನಲ್ಲಿ ಕೇಳುತ್ತಾ ಬೆಳೆದೆ. ಯಾರಿಗೋ ಲೆಕ್ಕ ಹೇಳಿಕೊಡುತ್ತಿದ್ದಾರೆ ಎಂದು ಭಾವಿಸಿದ್ದೆ. ಗೇಟಿನವನು ಒಳ್ಳೆಯವನೇ, ಸುಳ್ಳು ಹೇಳುವವನಲ್ಲ ಎಂಬುದು ಅಪ್ಪನಿಗೆ ಚೆನ್ನಾಗಿ ಗೊತ್ತಿತ್ತು. ಸಂಖ್ಯೆ ಕೇಳುವುದು ಅಪನಂಬಿಕೆಯಿಂದಲ್ಲ, ಒಂದು ಪದವನ್ನಷ್ಟೇ ನಂಬಿ ಇಡೀ ರೈಲನ್ನು ಬಿಡಬಾರದು ಎಂಬ ಎಚ್ಚರದಿಂದ ಎಂದು ಅವರು ಹೇಳಿದ ಮೇಲೆ ನಾನು ತುಂಬಾ ಹೊತ್ತು ಸುಮ್ಮನೆ ಕೂತಿದ್ದೆ.

ಆಮೇಲೊಮ್ಮೆ ಸುರಕ್ಷತೆಯ ತರಬೇತಿಯಲ್ಲಿ ಟೆನೆರೀಫ್ ದುರಂತದ ಬಗ್ಗೆ ಕೇಳಿದೆ. ಅದರ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದಿದೆ. 1977ರ ಮಾರ್ಚ್ 27. ಸ್ಪೇನಿಗೆ ಸೇರಿದ ಕ್ಯಾನರಿ ದ್ವೀಪಗಳ ಒಂದು ವಿಮಾನ ನಿಲ್ದಾಣ. ಮಂಜು ಕವಿದಿತ್ತು. ರನ್‌ವೇಯ ಒಂದು ತುದಿಯಲ್ಲಿ ಹೊರಡಲು ನಿಂತ ಡಚ್ ವಿಮಾನ, ಅದೇ ರನ್‌ವೇಯ ಮೇಲೆ ನಿಧಾನವಾಗಿ ಬರುತ್ತಿದ್ದ ಅಮೆರಿಕದ ವಿಮಾನ. ಎರಡೂ ಬೋಯಿಂಗ್ 747. ಹೊರಡುವ ಅನುಮತಿ ಇನ್ನೂ ಸಿಕ್ಕಿರಲಿಲ್ಲ, ಆದರೂ ಡಚ್ ವಿಮಾನ ಚಲಿಸತೊಡಗಿತ್ತು. ಆ ಕಡೆಯಿಂದ ರೇಡಿಯೋದಲ್ಲಿ ಬಂದ ಮಾತಿನ ಅರ್ಥ "ಈಗ ಟೇಕಾಫ್‌ನಲ್ಲಿದ್ದೇವೆ" ಎಂದು. ಹೊರಡಲು ಸಿದ್ಧವಾಗಿ ನಿಂತಿದ್ದೇವೆ ಎಂದೋ, ಹೊರಟೆವು ಎಂದೋ? ನಿಲ್ದಾಣದ ನಿಯಂತ್ರಣ ಗೋಪುರದ ಅಧಿಕಾರಿ ಮೊದಲು ಹೇಳಿದ ಪದ "ಓಕೆ". ತುಸು ತಡೆದು, ಕಾಯಿರಿ, ನಾನು ಕರೆಯುತ್ತೇನೆ ಎಂದೂ ಹೇಳಿದರು. ಸರಿಯಾಗಿ ಅದೇ ಕ್ಷಣ, ತಾವಿನ್ನೂ ರನ್‌ವೇಯಲ್ಲೇ ಇದ್ದೇವೆ ಎಂದು ಅಮೆರಿಕದ ವಿಮಾನವೂ ಮಾತನಾಡಿತು. ಎರಡು ಪ್ರಸಾರಗಳು ಒಂದರ ಮೇಲೊಂದು ಬಿದ್ದು ಡಚ್ ವಿಮಾನದಲ್ಲಿ ಬರೀ ಕೀರಲು ಸದ್ದಾಯಿತು. ಸ್ಪಷ್ಟವಾಗಿ ಕೇಳಿಸಿದ್ದು "ಓಕೆ" ಒಂದೇ. 583 ಜನ ಸತ್ತರು. ನಾಗರಿಕ ವಿಮಾನಯಾನದ ಚರಿತ್ರೆಯಲ್ಲಿ ಒಂದೇ ಅಪಘಾತದಲ್ಲಿ ಇದಕ್ಕಿಂತ ಹೆಚ್ಚು ಜನ ಸತ್ತಿಲ್ಲ.

ಇದರ ನಂತರ ಆಕಾಶದ ಭಾಷೆಯೇ ಬಿಗಿಯಾಯಿತು. "ಟೇಕಾಫ್" ಎಂಬ ಪದವನ್ನು ಹೊರಡುವ ಅನುಮತಿ ಕೊಡುವಾಗ ಅಥವಾ ಹಿಂತೆಗೆದುಕೊಳ್ಳುವಾಗ ಮಾತ್ರ ಬಳಸಬೇಕು, ಉಳಿದೆಲ್ಲ ಸಂದರ್ಭಕ್ಕೂ ಬೇರೆ ಪದ. ಮುಖ್ಯ ಸೂಚನೆಗೆ "ಓಕೆ" ಎನ್ನುವಂತಿಲ್ಲ, ಸೂಚನೆಯನ್ನೇ ತಿರುಗಿ ಹೇಳಬೇಕು.

ನನ್ನನ್ನು ಹೆಚ್ಚು ಕಲಕಿದ್ದು ಇನ್ನೊಂದು ವಿವರ. ಡಚ್ ವಿಮಾನದ ಫ್ಲೈಟ್ ಎಂಜಿನಿಯರ್‌ಗೆ ಅನುಮಾನ ಬಂದಿತ್ತು. ಆ ಇನ್ನೊಂದು ವಿಮಾನ ಇನ್ನೂ ರನ್‌ವೇ ಬಿಟ್ಟಿಲ್ಲವೇ ಎಂದು ಅವರು ಕೇಳಿದ್ದರು. ಹಿರಿಯ ಕ್ಯಾಪ್ಟನ್ ಬಿಟ್ಟಿದೆ ಎಂಬಂತೆ ಗಟ್ಟಿಯಾಗಿ ಹೌದೆಂದರು. ಎಂಜಿನಿಯರ್ ಮತ್ತೆ ಕೇಳಲಿಲ್ಲ. ಅನುಮಾನ ಬಂದವನು ಅಲ್ಲೇ ಇದ್ದ, ಬಾಯಿ ಬಿಟ್ಟೂ ಇದ್ದ. ಎರಡನೆಯ ಸಲ ಕೇಳುವ ಧೈರ್ಯ ಕೊಡುವ ವಾತಾವರಣ ಆ ಪುಟ್ಟ ಕೋಣೆಯಲ್ಲಿ ಇರಲಿಲ್ಲ. ನಮ್ಮ ಜರಡಿಯ ಹತ್ತಿರ ಇದೆಯೇ? ನಾನು ಮುಖ ಗಂಟಿಕ್ಕಿಕೊಂಡು ಓಡಾಡುವ ದಿನ, ಸಿಪ್ಪೆ ಹೆರೆಯುವ ಹೆಣ್ಣುಮಗಳೊಬ್ಬಳಿಗೆ ಡ್ರೈಯರ್ ಕಡೆಯಿಂದ ಸುಟ್ಟ ವಾಸನೆ ಬಂದರೆ ಅವಳು ನನಗೆ ಹೇಳುತ್ತಾಳೆಯೇ?

ಹಾಗೆ ಒಮ್ಮೆ ಹೇಳಿದಳು. ಎರಡು ಸಲ ಹೇಳಿದಳು. ಮೊದಲ ಸಲ ನಾನು "ಬೆಳಗಿನಿಂದ ಓಡುತ್ತಿದೆಯಲ್ಲ, ಬಿಸಿ ಇರುತ್ತದೆ" ಎಂದುಬಿಟ್ಟೆ. ಸ್ವಲ್ಪ ಹೊತ್ತಿನ ಮೇಲೆ ಕೆಲಸ ಬಿಟ್ಟು ಎದ್ದು ಬಂದು, "ಬಿಸಿಯ ವಾಸನೆ ಅಲ್ಲ ಅಕ್ಕ, ರಬ್ಬರ್ ವಾಸನೆ" ಎಂದಳು. ಯಂತ್ರ ನಿಲ್ಲಿಸಿ ನೋಡಿದರೆ ಬೆಲ್ಟ್ ಕರಗುವ ಹಂತದಲ್ಲಿತ್ತು. ಒಣ ಕೊಬ್ಬರಿಯ ಎಣ್ಣೆಯಂಶ ಬೆಂಕಿಗೆ ಸಿಕ್ಕಿದರೆ ಏನಾಗುತ್ತದೆ ಎಂದು ಬಲ್ಲವರಿಗೆ ವಿವರಿಸಬೇಕಿಲ್ಲ. ಮರುದಿನ ಪಾಳಿಯ ಎಲ್ಲರೂ ಸೇರಿದಾಗ, ಅವಳು ಎರಡನೆಯ ಸಲ ಎದ್ದು ಬಂದದ್ದನ್ನೇ ಎತ್ತಿ ಹೇಳಿ ಕೈ ಮುಗಿದೆ. ಕೆಟ್ಟ ಸುದ್ದಿ ತಂದವರಿಗೆ ಮೊದಲು ಧನ್ಯವಾದ, ಆಮೇಲೆ ಪ್ರಶ್ನೆ. ಈ ಕ್ರಮವನ್ನು ಅಂದಿನಿಂದ ತಪ್ಪಿಸಿಲ್ಲ. ಬೈಯುವುದಿದ್ದರೆ ಬಾಗಿಲ ಹಿಂದೆ, ಹೊಗಳುವುದಿದ್ದರೆ ಹತ್ತು ಜನರ ಮುಂದೆ.

ತಿರುಗಿ ಹೇಳಿಸುವ ಅಭ್ಯಾಸ ತರಲು ಹೋಗಿ ಮೊದಲು ಎಡವಿದೆ. ಐವತ್ತೈದು ದಾಟಿದ ಕೆಲಸಗಾರರೊಬ್ಬರಿಗೆ "ನಾನು ಏನು ಹೇಳಿದೆ, ಹೇಳಿ ನೋಡೋಣ" ಎಂದೆ. ಅವರ ಮುಖ ಕಪ್ಪಿಟ್ಟಿತು. ಮಗ್ಗಿ ಒಪ್ಪಿಸುವ ಶಾಲೆಯ ಹುಡುಗನ ಜಾಗದಲ್ಲಿ ಅವರನ್ನು ನಿಲ್ಲಿಸಿದ್ದೆ. ಮಾತಿನ ತೂಕವನ್ನು ನನ್ನ ಕಡೆಗೆ ಎಳೆದುಕೊಳ್ಳಲು ಕಲಿತದ್ದು ಆಮೇಲೆ: "ನಾನು ಗಡಿಬಿಡಿಯಲ್ಲಿ ಹೇಳಿದೆ, ಏನಾದರೂ ಬಿಟ್ಟಿದ್ದೇನೆಯೋ ಏನೋ. ನೀವು ಈಗ ಮೊದಲು ಏನು ಮಾಡುತ್ತೀರಿ?" ಹೀಗೆ ಕೇಳಿದರೆ ಯಾರಿಗೂ ನೋವಾಗುವುದಿಲ್ಲ, ಮತ್ತು ನಿಜವಾಗಿಯೂ ಹತ್ತರಲ್ಲಿ ಮೂರು ಸಲ ಬಿಟ್ಟಿರುವುದು ನಾನೇ. "ಅರ್ಥವಾಯಿತಾ?" ಎಂಬ ಪ್ರಶ್ನೆಯನ್ನಂತೂ ಪೂರ್ತಿ ಬಿಟ್ಟೆ. ಅದಕ್ಕೆ ಈ ಭೂಮಿಯ ಮೇಲೆ ಇರುವುದು ಒಂದೇ ಉತ್ತರ, ಅದು ಯಾವುದೆಂದು ನಿಮಗೆ ಗೊತ್ತು.

ಪಾವಗಡದ ಕಡೆಯಿಂದ ಬರುವವರ ಮನೆಮಾತು ತೆಲುಗು. ಬಿಹಾರ, ಒಡಿಶಾದಿಂದ ಬಂದ ಹುಡುಗರ ಕನ್ನಡ ಇನ್ನೂ ಎಳೆಯದು. ಇವರ ಜೊತೆ ಮಾತಿಗಿಂತ ಕೈಗೆ ಕೆಲಸ ಹೆಚ್ಚು: ಬಲೆಯ ತುಂಡು ತೋರಿಸುವುದು, ಜೊತೆಗೆ ನಿಂತು ಒಮ್ಮೆ ಮಾಡುವುದು. ಆದರೆ ವಯಸ್ಸು, ಊರು ಯಾವುದೇ ಇರಲಿ, "ನೀವು" ಎಂದೇ ಕರೆಯುತ್ತೇನೆ. ಏಕವಚನದಲ್ಲಿ ಕರೆಸಿಕೊಂಡವನು ಪ್ರಶ್ನೆ ಕೇಳುವುದಿಲ್ಲ, ತಲೆ ತಗ್ಗಿಸುತ್ತಾನೆ ಅಷ್ಟೇ.

ಕನ್ನಡದ ಇನ್ನೊಂದು ಗುಣವನ್ನು ನಾನು ಕಂಡುಕೊಂಡದ್ದು ಯಂತ್ರಗಳ ಸದ್ದಿನ ನಡುವೆ. ನಮ್ಮ ವಾಕ್ಯದ ಜೀವ ಇರುವುದು ಬಾಲದಲ್ಲಿ. "ನೀರು ಬಿಡಿ", "ನೀರು ಬಿಡಬೇಡಿ". ಅರ್ಥ ತಲೆಕೆಳಗಾಗುವುದು ಕೊನೆಯ ಎರಡು ಅಕ್ಷರಗಳಲ್ಲಿ. ದಣಿದಾಗ ನಮ್ಮ ದನಿ ಬೀಳುವುದೂ ಅಲ್ಲೇ. ಗುಬ್ಬಿ ನಮಗೆ ದೂರವಲ್ಲ. 1884ರಲ್ಲಿ ನಾಟಕ ಕಂಪನಿ ಹುಟ್ಟಿದ ಊರು ಅದು. ಧ್ವನಿವರ್ಧಕವಿಲ್ಲದ ಕಾಲದಲ್ಲಿ ಸಾವಿರ ಜನರ ಹಿಂದಿನ ಸಾಲಿಗೂ ಮಾತು ಮುಟ್ಟಬೇಕಿತ್ತು. ನಾಟಕ ಆಡಿದವರು ಯಾರನ್ನಾದರೂ ಕೇಳಿ: ಒಬ್ಬನ ಮಾತಿನ ಕೊನೆಯ ಪದವೇ ಇನ್ನೊಬ್ಬನಿಗೆ ಬಾಯಿ ತೆರೆಯಲು ಸೂಚನೆ, ಅದನ್ನು ನುಂಗಿದರೆ ಎದುರಿನವನು ನಿಂತಲ್ಲೇ ನಿಲ್ಲುತ್ತಾನೆ. ನಾನೂ ವಾಕ್ಯದ ಕೊನೆಯನ್ನು ಎತ್ತಿ ಹೇಳುವುದನ್ನು ರೂಢಿಸಿಕೊಂಡೆ. ಅದಕ್ಕಿಂತ ಒಳ್ಳೆಯ ದಾರಿ, "ಬೇಡಿ" ಎಂಬ ಬಾಲವೇ ಇಲ್ಲದಂತೆ ಮಾತನ್ನು ತಿರುಗಿಸುವುದು. "ನೀರು ಬಿಡಬೇಡಿ" ಎನ್ನುವ ಬದಲು "ನೀರು ನಿಂತೇ ಇರಲಿ". ಅರ್ಧ ಕೇಳಿಸಿದರೂ ಅಪಾಯವಿಲ್ಲ.

ಈಗ ನಮ್ಮ ಪಾಳಿ ಪುಸ್ತಕದಲ್ಲಿ ಮೂರು ಅಂಕಣಗಳಿವೆ: ಹೇಳಿದ್ದು, ಶುರುವಾದದ್ದು, ಕಣ್ಣಾರೆ ನೋಡಿದ್ದು. ಮೂರನೆಯದನ್ನು ಯಂತ್ರದ ಮುಂದೆ ನಿಂತು ಬರೆಯಬೇಕು, ಮೇಜಿನ ಮುಂದೆ ಕೂತು ಅಲ್ಲ. ತುಮಕೂರಿನ ಶಿರಾ ಗೇಟಿನಲ್ಲಿ ಹತ್ತುವ ಬಸ್ಸನ್ನು ಒಂದು ಟ್ರಿಪ್ ಮುಂಚೆಗೆ ಬದಲಾಯಿಸಿಕೊಂಡೆ. ಪಾಳಿ ಶುರುವಾಗುವ ಇಪ್ಪತ್ತು ನಿಮಿಷ ಮೊದಲೇ ಒಳಗಿರುತ್ತೇನೆ. ಹೋಗುವವರೂ ಬರುವವರೂ ಒಂದೇ ಯಂತ್ರದ ಮುಂದೆ ಐದು ನಿಮಿಷ ಒಟ್ಟಿಗೆ ನಿಲ್ಲುತ್ತಾರೆ. ಈ ಐದು ನಿಮಿಷಕ್ಕಾಗಿ ನಾನು ವ್ಯವಸ್ಥಾಪಕರ ಜೊತೆ ಎಷ್ಟೋ ತಿಂಗಳು ವಾದ ಮಾಡಿದ್ದೇನೆ, ಇಂದೂ ಯಾರಾದರೂ ತೆಗೆಯಲು ಬಂದರೆ ಮಾಡುತ್ತೇನೆ. ಎಂಟು ಗಂಟೆ ಯಂತ್ರದ ಜೊತೆ ಇದ್ದವನಿಗೆ ಗೊತ್ತಿರುವ ಸಣ್ಣ ಸದ್ದು, ಸಣ್ಣ ನಡುಕ, ಯಾವ ಪುಸ್ತಕಕ್ಕೂ ಇಳಿಯುವುದಿಲ್ಲ. ಪಕ್ಕದಲ್ಲಿ ನಿಂತವನ ಕಿವಿಗೆ ಮಾತ್ರ ದಾಟುತ್ತದೆ.

ಮೊಬೈಲ್ ಬಂದ ಮೇಲೆ ಆಯಿತು ಎನ್ನುವ ಶ್ರಮವೂ ಉಳಿದಿಲ್ಲ, ಹೆಬ್ಬೆರಳಿನ ಚಿತ್ರ ಸಾಕು. ನಮ್ಮ ಅಜ್ಜಂದಿರು ಓದಲು ಬಾರದೆ ಸಾಲಪತ್ರಗಳಿಗೆ ಹೆಬ್ಬೆಟ್ಟು ಒತ್ತಿದರು. ಓದಲು ಬರುವ ನಾವು ಓದದೆ ಒತ್ತುತ್ತಿದ್ದೇವೆ. ನಮ್ಮ ಪಾಳಿಯ ಗುಂಪಿನಲ್ಲಿ ಹೆಬ್ಬೆರಳಿಗೆ ಬೆಲೆಯಿಲ್ಲ ಎಂದು ತೀರ್ಮಾನಿಸಿದ್ದೇವೆ. "ನಾಳೆ 6ಕ್ಕೆ, 2 ಬಲೆ ತರುತ್ತೇನೆ" ಎಂದು ಬರೆಯಬೇಕು. ರಾತ್ರಿ ಒಂಬತ್ತರ ಮೇಲೆ ಸಂದೇಶವಿಲ್ಲ. ನಿಜವಾದ ತುರ್ತು ಇದ್ದರೆ ಕರೆ ಮಾಡಬೇಕು. ನಿದ್ದೆ ಕೆಟ್ಟವನಿಗೆ ಮರುದಿನ ಕಿವಿ ಅರ್ಧವೇ ಕೇಳಿಸುತ್ತದೆ, ಅದನ್ನು ನಾನು ನನ್ನಲ್ಲೇ ನೋಡಿದ್ದೇನೆ.

ಕೆಳಗಿನವರ ಜೊತೆ ಇಷ್ಟೆಲ್ಲ ಕಲಿತರೂ ಮೇಲಿನವರ ಮುಂದೆ ನನ್ನ ಬಾಯಿಯಿಂದ ಬಹಳ ವರ್ಷ ಬರುತ್ತಿದ್ದ ಪದ "ನೋಡೋಣ". ಶುಕ್ರವಾರಕ್ಕೆ 6 ಟನ್ ಆಗುತ್ತದೆಯೇ ಎಂದರೆ, ನೋಡೋಣ ಸಾರ್. ಆಗುವುದಿಲ್ಲ ಎಂದು ಹೇಳಲು ಸಂಕೋಚ, ಆಗುತ್ತದೆ ಎನ್ನಲು ಭಯ. ಕೇಳಿದವರು ಅದನ್ನು ಆಗುತ್ತದೆ ಎಂದು ತಿಳಿದರು, ನಾನು ಆಗುವುದಿಲ್ಲ ಎಂದು ಸೂಚಿಸಿದ್ದೇನೆ ಎಂದು ತಿಳಿದೆ. ಗುರುವಾರ ರಾತ್ರಿ ಇಬ್ಬರಿಗೂ ಜ್ವರ ಬಂದ ಹಾಗೆ. ಈಗ ಲೆಕ್ಕ ಹಾಕಲು ಹತ್ತು ನಿಮಿಷ ಕೇಳಿಕೊಳ್ಳುತ್ತೇನೆ. ಕಾಯಿ ಎಷ್ಟಿದೆ, ಹೆರೆಯುವವರು ಎಷ್ಟು ಜನ ಬಂದಿದ್ದಾರೆ, ಮಳೆಗಾಲವಾದರೆ ಡ್ರೈಯರ್ ಎಷ್ಟು ಹೊತ್ತು ಹೆಚ್ಚು ತೆಗೆದುಕೊಳ್ಳುತ್ತದೆ, ಎಲ್ಲ ನೋಡಿ, "ಶುಕ್ರವಾರಕ್ಕೆ 4 ಟನ್ ಕೊಡುತ್ತೇನೆ, ಉಳಿದ 2 ಸೋಮವಾರ ಮಧ್ಯಾಹ್ನ" ಎನ್ನುತ್ತೇನೆ. ಮೊದಲ ಸಲ ಹಾಗೆ ಹೇಳಿದಾಗ ಬೈಗುಳಕ್ಕೆ ಸಿದ್ಧಳಾಗಿದ್ದೆ. ಅವರು ತಕ್ಷಣ ಫೋನ್ ಎತ್ತಿ ಲಾರಿಯನ್ನು ಎರಡಾಗಿ ಹಂಚಿದರು, ಅಷ್ಟೇ. ಅಷ್ಟು ಸಲೀಸಾಗಿ ಮುಗಿಯುವುದನ್ನು ನಾನು ವರ್ಷಗಟ್ಟಲೆ ಎದೆಯ ಮೇಲೆ ಹೊತ್ತಿದ್ದೆ.

ಜರಡಿಯ ಆ ಹಿರಿಯರು ಎರಡು ವರ್ಷದ ಹಿಂದೆ ನಿವೃತ್ತರಾದರು. ಕೊನೆಯ ಪಾಳಿಯ ದಿನ ಅವರು ಹೊಸ ಹುಡುಗನಿಗೆ ಜರಡಿ ಒಪ್ಪಿಸುವಾಗ ನಾನು ಪಕ್ಕದಲ್ಲಿದ್ದೆ. ಹುಡುಗ "ಆಯಿತು ಅಣ್ಣ" ಎಂದ. ಅವರು ನನ್ನ ಕಡೆ ನೋಡಲಿಲ್ಲ. ಹುಡುಗನ ಕೈ ಹಿಡಿದು ಬಲೆಯ ನಾಲ್ಕೂ ಮೂಲೆಗಳ ಮೇಲೆ ಒಂದೊಂದಾಗಿ ಇಟ್ಟರು.

ಅಪ್ಪನಿಗೆ ಈಗ ಎಂಬತ್ತೆರಡು. ಪ್ರತಿದಿನ ಮಧ್ಯಾಹ್ನ ಪಾಳಿ ಮುಗಿಯುವ ಹೊತ್ತಿಗೆ ಫೋನ್ ಮಾಡಿ "ಊಟ ಆಯಿತಾ?" ಎನ್ನುತ್ತಾರೆ. ಎಷ್ಟೋ ವರ್ಷ ನಾನು ಡಬ್ಬಿ ಬಿಚ್ಚದೆಯೇ "ಆಯಿತು ಅಪ್ಪ" ಎನ್ನುತ್ತಿದ್ದೆ. ಅವರಿಗೆ ಚಿಂತೆ ಬೇಡ ಎಂದು. ನಿನ್ನೆ ನಿಜ ಹೇಳಿದೆ: "ಇನ್ನೂ ಇಲ್ಲ. ಈಗ ಕೈ ತೊಳೆದು ಕೂರುತ್ತೇನೆ."

"ಇನ್ನೂ ಇಲ್ಲ. ಈಗ ಕೈ ತೊಳೆದು ಕೂರುತ್ತೀಯ" ಎಂದು ಅಪ್ಪ ತಿರುಗಿ ಹೇಳಿದರು. ನಾನು ಡಬ್ಬಿ ಬಿಚ್ಚಿದ ಸದ್ದು ಕೇಳಿದ ಮೇಲೆ ಫೋನ್ ಇಟ್ಟರು.